ಸತ್ತ ಹಲ್ಲಿಗೆ ಮತ್ತೆ ಜೀವ ಬರ್ತದಾ ಡಾಕ್ಟ್ರೇ?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಹಲ್ಲಿನ ನರದ ಬಗ್ಗೆಯೇ ಇವೆ. ಆಶ್ಚರ್ಯವೇನಿಲ್ಲ. ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ನಮ್ಮ ಕಡೆ ಅಂಗಳಕ್ಕೆಲ್ಲ ಪಾಚಿ ಕಟ್ಟುತ್ತದೆ, ಮಕ್ಕಳು ಜಾರುತ್ತಾರೆ, ಎದುರಿನ ಹಲ್ಲು ಮೆಟ್ಟಿಲಿಗೆ ಹೊಡೆಯುತ್ತದೆ. ಬಾಯಿಗೆ ಕರ್ಚೀಫು ಒತ್ತಿಕೊಂಡು ಬರುವ ಹುಡುಗರು ನನ್ನ ಕ್ಲಿನಿಕ್ಕಿಗೆ ಮಳೆಗಾಲದ ನೆಂಟರು. ಎಲ್ಲ ಪತ್ರಗಳಿಗೂ ಜಾಗ ಇಲ್ಲ, ಆರನ್ನು ಆರಿಸಿದ್ದೇನೆ. ಮೊದಲನೆಯದರ ಉತ್ತರ ಉದ್ದ ಆಯಿತು. ಬೇಸರ ಮಾಡಬೇಡಿ, ಆ ತಾಯಿ ಕೇಳಿದ್ದೇ ಹಾಗಿದೆ.

ಪ್ರಶ್ನೆ: ನನ್ನ ಮಗನಿಗೆ 9 ವರ್ಷ. ಕಳೆದ ಮಳೆಗಾಲದಲ್ಲಿ ಅಜ್ಜಿಮನೆಯ ಮುರಕಲ್ಲಿನ ಮೆಟ್ಟಿಲಲ್ಲಿ ಜಾರಿ ಬಿದ್ದು ಮೇಲಿನ ಎದುರು ಹಲ್ಲಿಗೆ ಪೆಟ್ಟಾಯಿತು. ತುಂಡಾದದ್ದು ಒಂದು ಚೂರು ಮಾತ್ರ, ಹಲ್ಲು ಅಲುಗುತ್ತಿದ್ದದ್ದೂ ಎರಡು ವಾರದಲ್ಲಿ ನಿಂತಿತು, ಹಾಗಾಗಿ ಸುಮ್ಮನಾದೆವು. ಈಗ ಆ ಹಲ್ಲು ಬೂದಿ ಬಣ್ಣಕ್ಕೆ ತಿರುಗಿದೆ. ಅದರ ಮೇಲೆ ವಸಡಿನಲ್ಲಿ ಮೊಡವೆಯ ಹಾಗೆ ಗುಳ್ಳೆ ಏಳುತ್ತದೆ, ಒಡೆಯುತ್ತದೆ, ಮತ್ತೆ ಏಳುತ್ತದೆ. ನೋವಿಲ್ಲ. ಡಾಕ್ಟರು ಎಕ್ಸ್‌ರೇ ನೋಡಿ "ಬೇರು ಇನ್ನೂ ಬೆಳೆದಿಲ್ಲ, ಮಾಮೂಲಿ ರೂಟ್ ಕೆನಾಲ್ ಬೇಡ, ಒಳಗೆ ರಕ್ತ ಬರಿಸಿ ಬೇರು ಬೆಳೆಯುವ ಹಾಗೆ ಮಾಡುವಾ" ಅಂದರು. ರಕ್ತ ಬರಿಸುವುದು ಅಂತ ಕೇಳಿಯೇ ಮನೆಯಲ್ಲಿ ಎಲ್ಲರಿಗೂ ಹೆದರಿಕೆ. ಅತ್ತೆ "ಕೀಳಿಸಿಬಿಡು, ಆಮೇಲೆ ಬೇರೆ ಇಡಿಸಿದರಾಯಿತು" ಅಂತಾರೆ. ಇದು ನಿಜವಾದ ಚಿಕಿತ್ಸೆಯಾ, ಅಲ್ಲ ನನ್ನ ಮಗನ ಮೇಲೆ ಪ್ರಯೋಗವಾ?
ಒಬ್ಬ ತಾಯಿ, ಕಿನ್ನಿಗೋಳಿ

ಉತ್ತರ: ಮೊದಲು ಅತ್ತೆಯವರ ವಿಷಯ ಮುಗಿಸುತ್ತೇನೆ. 9 ವರ್ಷದ ಹುಡುಗನ ಎದುರು ಹಲ್ಲು ಕಿತ್ತರೆ "ಬೇರೆ ಇಡಿಸುವುದು" ನೀವು ಅಂದುಕೊಂಡಷ್ಟು ಸುಲಭ ಅಲ್ಲ. ಇಂಪ್ಲಾಂಟ್, ಅಂದರೆ ಎಲುಬಿಗೇ ಕೂರಿಸುವ ಕೃತಕ ಹಲ್ಲು, ಹಾಕಬೇಕಾದರೆ ದವಡೆ ಬೆಳೆಯುವುದು ನಿಲ್ಲಬೇಕು, ಅಂದರೆ ಹುಡುಗ ಕಾಲೇಜು ಮೆಟ್ಟಿಲು ಹತ್ತುವವರೆಗೂ ಕಾಯಬೇಕು. ಅಲ್ಲಿಯವರೆಗೆ ತೆಗೆದು ಹಾಕುವ ಪ್ಲೇಟು. ಅದನ್ನು ಅವನು ಟಿಫಿನ್ ಡಬ್ಬಿಯಲ್ಲಿ ಬಿಟ್ಟು ಬರುತ್ತಾನೆ, ನೀವು ಹುಡುಕುತ್ತೀರಿ. ಜೊತೆಗೆ ಹಲ್ಲಿಲ್ಲದ ಜಾಗದ ಎಲುಬು ವರ್ಷವರ್ಷವೂ ಸವೆಯುತ್ತದೆ, ಕೊನೆಗೆ ಇಂಪ್ಲಾಂಟ್ ಹಾಕುವ ಹೊತ್ತಿಗೆ ಅದನ್ನು ಕೂರಿಸಲು ಜಾಗವೇ ಇರುವುದಿಲ್ಲ. ಆದ್ದರಿಂದ ಆ ಹಲ್ಲು ಹೇಗಾದರೂ ಇನ್ನು ಹತ್ತು ವರ್ಷ ಅಲ್ಲೇ ಇರಬೇಕು. ಬೇರು ಸಮೇತ.

ಇನ್ನು ನಿಮ್ಮ ಡಾಕ್ಟರು ಹೇಳಿದ್ದು ಸರಿಯಾ? ಸರಿ. ಯಾಕೆ ಅಂತ ಹೇಳುತ್ತೇನೆ.

ಮೇಲಿನ ಎದುರು ಹಲ್ಲು ಬಾಯಿಗೆ ಬರುವುದು 7-8 ವರ್ಷಕ್ಕೆ. ಕನ್ನಡಿಯಲ್ಲಿ ನೋಡಿದರೆ ಹಲ್ಲು ಪೂರ್ತಿ ಬಂದ ಹಾಗೆ ಕಾಣುತ್ತದೆ, ಆದರೆ ಒಳಗೆ ಬೇರು ಇನ್ನೂ ಕಟ್ಟುತ್ತಾ ಇರುತ್ತದೆ. ಅದು ಮುಗಿಯುವುದು 10 ವರ್ಷದ ಹೊತ್ತಿಗೆ. ಬೇರು ಕಟ್ಟುವುದು ಒಳಗಿನ ತಿರುಳಿನ ಕೆಲಸ. ನಾವು ಸುಮ್ನೆ "ನರ" ಅಂತೇವಲ್ಲ, ಅದು ಬರೀ ನರ ಅಲ್ಲ. ರಕ್ತನಾಳ, ನರ, ಜೀವಕೋಶ ಎಲ್ಲ ಸೇರಿದ ಮೆತ್ತನೆಯ ಮಾಂಸ. ಅದರ ಅಂಚಿನಲ್ಲಿರುವ ಕೋಶಗಳು ದಿನಾ ಸ್ವಲ್ಪ ಸ್ವಲ್ಪ ಡೆಂಟಿನ್ ಅನ್ನುವ ಗಟ್ಟಿ ವಸ್ತು ಹಚ್ಚುತ್ತಾ ಬೇರಿನ ಗೋಡೆಯನ್ನು ದಪ್ಪ ಮಾಡುತ್ತವೆ. ನಿಮ್ಮ ಮಗ ಬಿದ್ದಾಗ ಅವನಿಗೆ ಸುಮಾರು 8. ಪೆಟ್ಟಿನಿಂದ ಬೇರಿನ ತುದಿಯಲ್ಲಿ ರಕ್ತನಾಳ ಕಡಿದುಹೋಗಿದೆ, ತಿರುಳು ಸತ್ತಿದೆ, ತುಂಡಾದ ಚೂರಿನ ಕಡೆಯಿಂದ ಬ್ಯಾಕ್ಟೀರಿಯಾ ಒಳಗೆ ಹೊಕ್ಕಿದೆ. ಮೇಸ್ತ್ರಿ ಅರ್ಧಕ್ಕೆ ಬಿಟ್ಟು ಹೋದ ಗೋಡೆಯ ಹಾಗೆ ಬೇರು ಅಲ್ಲಿಗೇ ನಿಂತಿದೆ. ಬಣ್ಣ ಒಂದನ್ನೇ ನೋಡಿ ಹಲ್ಲು ಸತ್ತಿದೆ ಅನ್ನಲಾಗುವುದಿಲ್ಲ. ಆದರೆ ಎದ್ದು ಒಡೆಯುವ ಗುಳ್ಳೆ ಕೀವಿನ ದಾರಿ, ಅದು ಸುಳ್ಳು ಹೇಳುವುದಿಲ್ಲ. ನೋವಿಲ್ಲದಿರುವುದೂ ಅದರಿಂದಲೇ. ಕೀವು ಒಳಗೆ ಒತ್ತಿ ನಿಲ್ಲದೆ ಹೊರಗೆ ಹೋಗುತ್ತಾ ಇದೆ.

ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿ. ಪಕ್ಕದ ಹಲ್ಲಿನ ಬೇರು ತುದಿಗೆ ಹೋದಂತೆ ಸಣ್ಣ ಆಗುತ್ತದೆ. ಪೆಟ್ಟಾದ ಹಲ್ಲಿನದು ಉಲ್ಟಾ, ತುದಿಗೆ ಹೋದಂತೆ ಅಗಲ. ಹಳೆಯ ಕಾಲದ ಅಗಲ ಬಾಯಿಯ ಕೋವಿಯನ್ನು ನೆನೆದು ಪಠ್ಯದಲ್ಲಿ ಇದಕ್ಕೆ ಬ್ಲಂಡರ್‌ಬಸ್ ಅಂತ ಹೆಸರು ಕೊಟ್ಟಿದ್ದಾರೆ. ನಾನು ಪೋಷಕರಿಗೆ ನಾಗಸ್ವರದ ಬಾಯಿ ಅಂತ ಹೇಳುವುದು. ಗೋಡೆ ಬಪ್ಪಂಗಾಯಿ ಎಲೆಯ ದಂಟಿನ ಹಾಗೆ, ತೆಳು, ಒಳಗೆ ಪೊಳ್ಳು. ಇದರಲ್ಲಿ ಮಾಮೂಲಿ ರೂಟ್ ಕೆನಾಲ್ ಮಾಡಿದರೆ ತುಂಬಿಸುವ ರಬ್ಬರಿನಂಥ ವಸ್ತುವಿಗೆ ತಳವೇ ಇಲ್ಲ, ತುದಿಯಿಂದ ಆಚೆ ಹೋಗಿ ಎಲುಬಿಗೆ ಸೇರುತ್ತದೆ.

ಹಿಂದೆ ಏನು ಮಾಡುತ್ತಿದ್ದೆವು? ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಪೇಸ್ಟ್ ತುಂಬಿ, ತಿಂಗಳುಗಟ್ಟಲೆ, ಕೆಲವೊಮ್ಮೆ ಒಂದೂವರೆ ವರ್ಷದವರೆಗೂ ಬದಲಿಸುತ್ತಾ, ತುದಿಯಲ್ಲಿ ಒಂದು ಗಟ್ಟಿ ಪದರ ಕಟ್ಟಲಿ ಅಂತ ಕಾಯುತ್ತಿದ್ದೆವು. ಪದರ ಕಟ್ಟುತ್ತಿತ್ತು. ಆದರೆ ಗೋಡೆ ಅಷ್ಟೇ ತೆಳು, ಬೇರು ಅಷ್ಟೇ ಗಿಡ್ಡ. ನಾನು ಕಲಿಯುತ್ತಿದ್ದಾಗ ಒಬ್ಬಳು ಹುಡುಗಿಗೆ ಹೀಗೆ 14 ತಿಂಗಳು ಮಾಡಿದೆ. ಪ್ರತಿ ಸಲ ಅವಳ ಅಪ್ಪ ಬಸ್ಸಿನಲ್ಲಿ ಕರೆದುಕೊಂಡು ಬರುತ್ತಿದ್ದರು. ಕೊನೆಯ ಎಕ್ಸ್‌ರೇಯಲ್ಲಿ ತುದಿ ಚೆಂದ ಮುಚ್ಚಿತ್ತು, ನನ್ನ ಪ್ರೊಫೆಸರ್ ಬೆನ್ನು ತಟ್ಟಿದರು. ಎರಡು ತಿಂಗಳಲ್ಲಿ ಅಷ್ಟಮಿಯ ಚಕ್ಕುಲಿ ಕಚ್ಚಿದಾಗ ಹಲ್ಲು ವಸಡಿನ ಮಟ್ಟಕ್ಕೆ ಲಟಕ್ ಅಂತ ಮುರಿಯಿತು. ಆ ಅಪ್ಪ ಮುರಿದ ತುಂಡನ್ನು ಕಾಗದದಲ್ಲಿ ಸುತ್ತಿ ತಂದಿದ್ದರು, ಬಿಚ್ಚಿ ಮೇಜಿನ ಮೇಲಿಟ್ಟರು, ಏನೂ ಮಾತಾಡಲಿಲ್ಲ. ಡೆನ್ಮಾರ್ಕಿನ ಆಂಡ್ರಿಯಾಸನ್ ಮತ್ತು ಅವರ ಜೊತೆಗಾರರು ಕುರಿಯ ಎಳೆ ಹಲ್ಲುಗಳಲ್ಲಿ ಇದನ್ನೇ ಪರೀಕ್ಷಿಸಿ 2002ರಲ್ಲಿ ಬರೆದರು: ಈ ಪೇಸ್ಟ್ ಸುಮಾರು ಒಂದು ವರ್ಷ ಒಳಗಿದ್ದರೆ ಬೇರಿನ ಬಲ ಅರ್ಧಕ್ಕೆ ಇಳಿಯುತ್ತದೆ. ಅದನ್ನು ಓದಿದಾಗ ನನಗೆ ಮೊದಲು ನೆನಪಾದದ್ದು ಆ ಕಾಗದದ ಪೊಟ್ಟಣ.

ಆಮೇಲೆ ಎಂಟಿಎ ಬಂತು. ಅಮೆರಿಕದ ಲೋಮಾ ಲಿಂಡಾ ವಿಶ್ವವಿದ್ಯಾಲಯದಲ್ಲಿ ತೊರಾಬಿನೆಜಾದ್ 1990ರ ದಶಕದಲ್ಲಿ ರೂಪಿಸಿದ ಪುಡಿ. ಮೂಲದಲ್ಲಿ ಅದು ಮನೆ ಕಟ್ಟುವ ಪೋರ್ಟ್‌ಲ್ಯಾಂಡ್ ಸಿಮೆಂಟಿನ ಜಾತಿಯದೇ, ಶುದ್ಧ ಮಾಡಿ, ಎಕ್ಸ್‌ರೇಯಲ್ಲಿ ಕಾಣಲಿ ಅಂತ ಬಿಸ್ಮತ್ ಸೇರಿಸಿದ್ದು. ಒದ್ದೆಯಲ್ಲೇ ಗಟ್ಟಿಯಾಗುತ್ತದೆ. ಹಾಗಾಗಿ ನಾಗಸ್ವರದ ಬಾಯಿಗೆ ಇದನ್ನೇ ಬಿರಡೆಯ ಹಾಗೆ ಹಾಕಿ ಒಂದೆರಡು ಭೇಟಿಯಲ್ಲಿ ಕೆಲಸ ಮುಗಿಸಬಹುದು. ಈಗಲೂ ಒಳ್ಳೆಯ ದಾರಿ. ಆದರೆ ಅದರಲ್ಲೂ ಬೇರು ಬೆಳೆಯುವುದಿಲ್ಲ.

ಈಗ ನಿಮ್ಮ "ರಕ್ತ ಬರಿಸುವ" ವಿಷಯ. ಇದು ನಿನ್ನೆ ಮೊನ್ನೆಯದಲ್ಲ. ನಾರ್ವೆಯ ನೈಗಾರ್ಡ್ ಓಸ್ಟ್‌ಬಿ 1961ರಲ್ಲೇ ಹಲ್ಲಿನ ಕೊಳವೆಯೊಳಗೆ ರಕ್ತ ಹೆಪ್ಪುಗಟ್ಟಿಸಿ ನೋಡಿದ್ದರು. 2001ರಲ್ಲಿ ಜಪಾನಿನ ಇವಾಯಾ ಮತ್ತು ಜೊತೆಗಾರರು 13 ವರ್ಷದ ಮಗುವಿನ ಕೆಳಗಿನ ಹಲ್ಲೊಂದನ್ನು, ನಿಮ್ಮ ಮಗನ ಹಾಗೆಯೇ ಕೀವಿನ ಗುಳ್ಳೆ ಇದ್ದದ್ದನ್ನು, ತೊಳೆದು ಔಷಧ ಇಟ್ಟು ಬೇರು ಮುಂದಕ್ಕೆ ಬೆಳೆದದ್ದನ್ನು ತೋರಿಸಿದರು. 2004ರಲ್ಲಿ ಬ್ಯಾಂಕ್ಸ್ ಮತ್ತು ಟ್ರೋಪ್ ಅದಕ್ಕೊಂದು ಕ್ರಮ ಹಾಕಿಕೊಟ್ಟರು. ಈಗ ಅಮೆರಿಕದ ಎಂಡೋಡಾಂಟಿಸ್ಟರ, ಅಂದರೆ ರೂಟ್ ಕೆನಾಲ್ ತಜ್ಞರ, ಸಂಘ ಇದಕ್ಕೆ ಲಿಖಿತ ಮಾರ್ಗಸೂಚಿಯನ್ನೇ ಕೊಟ್ಟಿದೆ. ಪ್ರಯೋಗ ಅನ್ನುವ ಹಂತ ದಾಟಿದೆ, ನಿಮ್ಮ ಮಗನೇ ಮೊದಲಿಗ ಅಲ್ಲ.

ಕುರ್ಚಿಯಲ್ಲಿ ನಡೆಯುವುದು ಇಷ್ಟು. ಮೊದಲ ದಿನ ಹಲ್ಲಿನ ಹಿಂಭಾಗದಿಂದ ಸಣ್ಣ ತೂತು ಮಾಡುತ್ತಾರೆ. ಬಾಯಿಯ ಎಂಜಲು ಒಳಗೆ ಹೋಗದಂತೆ ಹಲ್ಲಿಗೆ ತೆಳು ರಬ್ಬರ್ ಹಾಳೆ ತೊಡಿಸುತ್ತಾರೆ. ಇದನ್ನು ಹಾಕದೆ ಶುರು ಮಾಡಿದರೆ ಯಾಕೆ ಅಂತ ಕೇಳಿ, ಕೇಳುವ ಹಕ್ಕು ನಿಮಗೆ ಉಂಟು. ಮಾಮೂಲಿ ರೂಟ್ ಕೆನಾಲಿನಲ್ಲಿ ಫೈಲ್ ಅನ್ನುವ ಸೂಜಿಯಂಥ ಅರ ಹಾಕಿ ಗೋಡೆ ಕೆರೆಯುತ್ತೇವಲ್ಲ, ಇಲ್ಲಿ ಕೆರೆಯುವುದಿಲ್ಲ, ಇರುವುದೇ ತೆಳು ಗೋಡೆ. ಬರೀ ತೊಳೆಯುವುದು. 1.5 ಶೇಕಡ ಸೋಡಿಯಂ ಹೈಪೋಕ್ಲೋರೈಟ್, ಅಂದರೆ ಬಟ್ಟೆ ಬಿಳಿ ಮಾಡುವ ಬ್ಲೀಚಿನ ತಮ್ಮ, 20 ಎಂಎಲ್, ನಿಧಾನಕ್ಕೆ, ಐದು ನಿಮಿಷ. ಗಡಿಬಿಡಿ ಮಾಡಿದರೆ ಅಗಲ ಬಾಯಿಯಿಂದ ಆಚೆ ಹೋಗಿ ಮುಖ ಊದುತ್ತದೆ. ಜಾಸ್ತಿ ಸ್ಟ್ರಾಂಗ್ ಹಾಕಿದರೆ ಕೀಟಾಣು ಜೊತೆ ನಮಗೆ ಬೇಕಾದ ಕೋಶಗಳೂ ಸಾಯುತ್ತವೆ. ಆಮೇಲೆ ಅದೇ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಪೇಸ್ಟ್ ಇಟ್ಟು ಮುಚ್ಚಿ, ಆದರೆ ಒಂದರಿಂದ ನಾಲ್ಕು ವಾರ ಮಾತ್ರ ಬಿಡುತ್ತಾರೆ. ಮೂರು ಆಂಟಿಬಯೋಟಿಕ್ ಬೆರೆಸಿದ ಪೇಸ್ಟ್ ಕೂಡ ಇದೆ, ಆದರೆ ಅದರಲ್ಲಿ ಮಿನೋಸೈಕ್ಲಿನ್ ಇದ್ದರೆ ಹಲ್ಲು ಇನ್ನಷ್ಟು ಕಪ್ಪಾಗುತ್ತದೆ. ಎದುರು ಹಲ್ಲಿಗೆ ನಾನಂತೂ ಹಾಕುವುದಿಲ್ಲ.

ಎರಡನೇ ಭೇಟಿಯ ಹೊತ್ತಿಗೆ ಗುಳ್ಳೆ ಒಣಗಿರಬೇಕು. ಒಣಗಿಲ್ಲದಿದ್ದರೆ ಮತ್ತೆ ತೊಳೆಯುವುದು, ಮತ್ತೆ ಪೇಸ್ಟು. ಒಣಗಿದ್ದರೆ ಮರಗಟ್ಟುವ ಇಂಜೆಕ್ಷನ್ ಕೊಡುತ್ತಾರೆ, ಅದೂ ಅಡ್ರಿನಲಿನ್ ಇಲ್ಲದ್ದು. ಅಡ್ರಿನಲಿನ್ ರಕ್ತನಾಳವನ್ನು ಬಿಗಿ ಹಿಡಿಯುತ್ತದೆ, ನಮಗೆ ಬೇಕಾದದ್ದೇ ರಕ್ತ. ಇಡಿಟಿಎ ಅನ್ನುವ ದ್ರಾವಣದಿಂದ ಒಳಗೋಡೆ ತೊಳೆಯುತ್ತಾರೆ. ಇದು ಬರೀ ಸ್ವಚ್ಛಕ್ಕೆ ಅಲ್ಲ. ಬೇರು ಕಟ್ಟುವಾಗ ಡೆಂಟಿನ್ ಒಳಗೆ ಹೂತುಹೋದ ಬೆಳವಣಿಗೆಯ ಪ್ರೋಟೀನುಗಳು ಇವೆ, ಇಡಿಟಿಎ ಮೇಲ್ಪದರ ಕರಗಿಸಿ ಅವನ್ನು ಬಿಡಿಸುತ್ತದೆ. ಆಮೇಲೆ ಸಣ್ಣ ಫೈಲನ್ನು ಬೇರಿನ ತುದಿಯಿಂದ 2 ಮಿಲಿಮೀಟರ್ ಆಚೆ ತಾಗಿಸಿ ತಿರುಗಿಸುತ್ತಾರೆ.

ಆ ಗಳಿಗೆ ನನಗೆ ಇನ್ನೂ ಹಳತಾಗಿಲ್ಲ. ಲೈಟು ಹಲ್ಲಿನ ತೂತಿಗೆ ನೇರ ಬಿದ್ದಿರುತ್ತದೆ, ಒಳಗೆ ಕಪ್ಪು ಬಾವಿ, ಏನೂ ಇಲ್ಲ. ಐದು ಸೆಕೆಂಡು, ಹತ್ತು ಸೆಕೆಂಡು. ಆಮೇಲೆ ತಳದಲ್ಲಿ ಏನೋ ಮಿನುಗುತ್ತದೆ, ಬೇಸಿಗೆಯಲ್ಲಿ ತೋಡಿದ ಬಾವಿಗೆ ಒರತೆ ಬಂದ ಹಾಗೆ ಕೆಂಪು ನಿಧಾನಕ್ಕೆ ಮೇಲೇರುತ್ತದೆ. ಒಟ್ಟು ರಕ್ತ ಎರಡು ಮೂರು ಹನಿ ಅಷ್ಟೇ, ನಿಮ್ಮ ಮಗ ಮೊಣಕಾಲು ತರಚಿಕೊಂಡಾಗ ಇದಕ್ಕಿಂತ ಜಾಸ್ತಿ ಹೋಗಿರುತ್ತದೆ. ಹಲ್ಲಿನ ಕುತ್ತಿಗೆಯ, ಅಂದರೆ ಹಲ್ಲು ವಸಡಿಗೆ ಸೇರುವ ಜಾಗದ, ಮಟ್ಟಕ್ಕಿಂತ ಸ್ವಲ್ಪ ಒಳಗೆ ನಿಲ್ಲಿಸಿ, ಹೆಪ್ಪುಗಟ್ಟುವವರೆಗೆ ಕಾಯಬೇಕು. ಹುಡುಗರು ಮೊಬೈಲಿನಲ್ಲಿ ಕಾರ್ಟೂನ್ ನೋಡುತ್ತಾ ಬಾಯಿ ಕಳೆದುಕೊಂಡು ಮಲಗಿರುತ್ತಾರೆ, ನಾನು ಗಡಿಯಾರ ನೋಡುತ್ತಾ ಕೂತಿರುತ್ತೇನೆ. ಹೆಪ್ಪಿನ ಮೇಲೆ ಎಂಟಿಎ ಅಥವಾ ಅದರದೇ ಜಾತಿಯ ಬಯೋಡೆಂಟಿನ್, ಅದರ ಮೇಲೆ ಸಿಮೆಂಟು. ಮುಗಿಯಿತು.

ಆ ರಕ್ತದಲ್ಲಿ ಏನಿದೆ ಅಂತ ಕೇಳಿ. ಬೆಳೆಯುವ ಬೇರಿನ ತುದಿಗೆ ಅಂಟಿಕೊಂಡು ಒಂದು ಮೆತ್ತನೆಯ ಗಡ್ಡೆ ಇರುತ್ತದೆ, ಅದರ ತುಂಬ ಸ್ಟೆಮ್ ಸೆಲ್. ಮೂಲಕೋಶ ಅನ್ನಿ. ತಿರುಳು ಸತ್ತು ಕೀವಾದರೂ ಇವು ಎಷ್ಟೋ ಸಲ ಬದುಕಿರುತ್ತವೆ. ತುದಿಯಲ್ಲಿ ರಕ್ತ ಬರಿಸಿದಾಗ ಅದರ ಜೊತೆ ಈ ಕೋಶಗಳು ಒಳಗೆ ಬರುತ್ತವೆ ಅಂತ 2011ರಲ್ಲಿ ಅಳೆದೇ ತೋರಿಸಿದ್ದಾರೆ. ಹೆಪ್ಪುಗಟ್ಟಿದ ರಕ್ತ ಅವಕ್ಕೆ ಚಪ್ಪರ. ಹತ್ತಿಕೊಂಡು ಬೆಳೆಯುತ್ತವೆ. ಹಾಗಾಗಿ ಡಾಕ್ಟರು ಇಲ್ಲಿ ಹೊಸದಾಗಿ ಏನನ್ನೂ ಹಾಕುವುದಿಲ್ಲ. ಕೊಳೆ ತೆಗೆದು, ದಾರಿ ಬಿಟ್ಟು, ಮೇಲೆ ಮುಚ್ಚುತ್ತಾರೆ. ಬೆಳೆಸುವುದು ಮಗುವಿನ ಮೈ. ನಮ್ಮ ವೃತ್ತಿಯವರಿಗೆ ಇದನ್ನು ಒಪ್ಪಿಕೊಳ್ಳಲು ಸ್ವಲ್ಪ ಕಷ್ಟ ಆಯಿತು ಅಂತ ನನ್ನ ಅನಿಸಿಕೆ, ಕೆರೆದು ತುಂಬಿಸಿ ಅಭ್ಯಾಸ ಆದ ಕೈ ಅಲ್ವಾ.

ಇನ್ನು ಕಹಿ ಮಾತು. ಇದಕ್ಕೆ "ರಿಜನರೇಟಿವ್" ಅಂತ ಹೆಸರಿಟ್ಟಿದ್ದಾರೆ, ತಿರುಳು ಮರುಹುಟ್ಟುತ್ತದೆ ಅನ್ನುವ ಅರ್ಥದಲ್ಲಿ. ಹೆಸರು ಸ್ವಲ್ಪ ಹೆಚ್ಚಾಯಿತು. ಹೀಗೆ ಚಿಕಿತ್ಸೆ ಆದ ಹಲ್ಲುಗಳು ಮುಂದೆ ಬೇರೆ ಕಾರಣಕ್ಕೆ ಕೀಳಬೇಕಾಗಿ ಬಂದಾಗ ಕೊಯ್ದು ನೋಡಿದ್ದಾರೆ. ಒಳಗೆ ಹೆಚ್ಚಾಗಿ ಸಿಕ್ಕಿದ್ದು ಎಲುಬಿನಂಥದ್ದು, ಬೇರಿನ ಹೊರಗೆ ಇರುವ ಸಿಮೆಂಟಂನಂಥದ್ದು. ಅಸಲಿ ತಿರುಳು ಅಲ್ಲ. ರಿಪೇರಿ ಅನ್ನುವುದೇ ಪ್ರಾಮಾಣಿಕ ಮಾತು. ನೀವು ನಿರೀಕ್ಷೆ ಇಡಬೇಕಾದ ಕ್ರಮ ಹೀಗೆ: ಗುಳ್ಳೆ ಹೋಗಿ ಎಲುಬು ತುಂಬುವುದು ಮೊದಲನೆಯದು, ಇದು ಹೆಚ್ಚಿನ ಮಕ್ಕಳಲ್ಲಿ 6ರಿಂದ 12 ತಿಂಗಳಲ್ಲಿ ಎಕ್ಸ್‌ರೇಯಲ್ಲಿ ಕಾಣುತ್ತದೆ. ಗೋಡೆ ದಪ್ಪ ಆಗುವುದು, ಬೇರು ಉದ್ದ ಆಗುವುದು ಎರಡನೆಯದು. ಅದಕ್ಕೆ ವರ್ಷ, ಎರಡು ವರ್ಷ ಬೇಕು, ಕೆಲವರಿಗೆ ಚೆನ್ನಾಗಿ ಆಗುತ್ತದೆ, ಕೆಲವರಿಗೆ ತುದಿ ಮಾತ್ರ ಮುಚ್ಚುತ್ತದೆ. ಐಸು ತಾಗಿದಾಗ ಹಲ್ಲಿಗೆ ಗೊತ್ತಾಗುವುದು ಮೂರನೆಯದು, ಆದರೆ ಖುಷಿ, ಆಗದಿದ್ದರೂ ಹಲ್ಲಿಗೆ ನಷ್ಟವಿಲ್ಲ. ಪೆಟ್ಟು ಬಿದ್ದು ಸತ್ತ ಹಲ್ಲಿನಲ್ಲಿ ಬೇರು ಬೆಳೆಯುವುದು ಸ್ವಲ್ಪ ಹಿಂದೆಯೇ, ಯಾಕೆಂದರೆ ಆ ಗಡ್ಡೆಗೂ ಪೆಟ್ಟಾಗಿರುತ್ತದೆ. ಬೂದಿ ಬಣ್ಣವೂ ಪೂರ್ತಿ ಹೋಗಲಿಕ್ಕಿಲ್ಲ. ಒಂದು ವೇಳೆ ಇದು ಕೈಕೊಟ್ಟರೆ ಎಂಟಿಎ ಬಿರಡೆಯ ದಾರಿ ಆಗಲೂ ತೆರೆದೇ ಇರುತ್ತದೆ.

ದೇರಳಕಟ್ಟೆಯ ಅಥವಾ ಮಣಿಪಾಲದ ಡೆಂಟಲ್ ಕಾಲೇಜುಗಳಲ್ಲಿ ಮಕ್ಕಳ ಹಲ್ಲಿನ ವಿಭಾಗ ಇದೆ, ಇನ್ನೊಂದು ಅಭಿಪ್ರಾಯ ಬೇಕಿದ್ದರೆ ಎಕ್ಸ್‌ರೇ ಹಿಡಿದುಕೊಂಡು ಹೋಗಿ. ಆದರೆ ಈ ಚಿಕಿತ್ಸೆ ಹಾಳಾಗುವುದು ಹೆಚ್ಚಾಗಿ ಕುರ್ಚಿಯಲ್ಲಲ್ಲ, ಮನೆಯಲ್ಲಿ. ಗುಳ್ಳೆ ಒಣಗಿತು, ನೋವಿಲ್ಲ, ಇನ್ನು ಯಾಕೆ ಅಂತ ಎರಡನೇ ಭೇಟಿಗೇ ಬರದವರು ಇದ್ದಾರೆ. ಬರೀ ತಾತ್ಕಾಲಿಕ ಸಿಮೆಂಟು ಹಾಕಿಕೊಂಡು ಆ ಹುಡುಗ ವರ್ಷ ಕಳೆಯುತ್ತಾನೆ. ದಯವಿಟ್ಟು ಹಾಗೆ ಮಾಡಬೇಡಿ.

ಪ್ರಶ್ನೆ: ನನಗೆ 41. ದವಡೆ ಹಲ್ಲಿಗೆ 2015ರಲ್ಲಿ ರೂಟ್ ಕೆನಾಲ್ ಆಗಿ ಕ್ಯಾಪ್ ಹಾಕಿದ್ದಾರೆ. ಈಗ ನರ ಮತ್ತೆ ಬೆಳೆಸುವ ಚಿಕಿತ್ಸೆ ಬಂದಿದೆಯಂತೆ. ಹಳೆಯದನ್ನು ತೆಗೆಸಿ ಮಾಡಿಸಬಹುದಾ?
ಉಡುಪಿಯ ಓದುಗರು

ಉತ್ತರ: ಬೇಡ ಮಾರಾಯ್ರೆ. ಆ ಹಲ್ಲು ಇಷ್ಟು ವರ್ಷ ತೊಂದರೆ ಕೊಡದೆ ಕೋರಿ ರೊಟ್ಟಿ ಅಗೆಯುತ್ತಿದೆ ಅಂದರೆ ಅದನ್ನು ಅದರ ಪಾಡಿಗೆ ಬಿಡಿ. ನಿಮ್ಮ ಬೇರಿನ ತುದಿ ಯಾವತ್ತೋ ಮುಚ್ಚಿದೆ, ರಕ್ತ ಒಳಗೆ ಬರಲು ಇರುವುದು ಸೂಜಿಮೊನೆಯಷ್ಟು ದಾರಿ.

ಪ್ರಶ್ನೆ: ಹುಳುಕು ಹಲ್ಲಿಗೆ ಫಿಲ್ಲಿಂಗೇ ಬೇಡ, ಒಂದು ಔಷಧ ಹಚ್ಚಿದರೆ ಹಲ್ಲು ತಾನೇ ತುಂಬಿಕೊಳ್ಳುತ್ತದೆ, ಜಪಾನಿನಲ್ಲಿ ಹೊಸ ಹಲ್ಲು ಹುಟ್ಟಿಸುವ ಇಂಜೆಕ್ಷನ್ ಬಂದಿದೆ ಅಂತ ನಮ್ಮ ಫ್ಯಾಮಿಲಿ ವಾಟ್ಸ್ಯಾಪ್ ಗ್ರೂಪಿನಲ್ಲಿ ದಿನಾ ಬರುತ್ತದೆ. ನಿಜವಾ? ನಾನು ಕಾಯಬಹುದಾ?
ಕುಲಶೇಖರದ ಓದುಗರು

ಉತ್ತರ: ಎರಡರಲ್ಲೂ ಒಂದು ಎಳೆ ನಿಜ ಇದೆ, ಅದಕ್ಕೇ ಇವು ಸಾಯುವುದಿಲ್ಲ. ಮೊದಲನೆಯದು ಲಂಡನ್ನಿನ ಕಿಂಗ್ಸ್ ಕಾಲೇಜಿನ ಪಾಲ್ ಶಾರ್ಪ್ ಅವರ ತಂಡ 2017ರಲ್ಲಿ ಮಾಡಿದ್ದು. ಟೈಡ್‌ಗ್ಲೂಸಿಬ್ ಅಂತ ಒಂದು ಔಷಧ, ಅದನ್ನು ಮೊದಲು ಮರೆವಿನ ಕಾಯಿಲೆಗೆ ಪರೀಕ್ಷಿಸಿದ್ದರು. ಅದರಲ್ಲಿ ಅದ್ದಿದ ಕೊಲಾಜೆನ್ ಸ್ಪಂಜಿನ ಚೂರನ್ನು ತಿರುಳು ತೆರೆದ ತೂತಿನಲ್ಲಿ ಇಟ್ಟಾಗ ಡೆಂಟಿನ್ ಬೆಳೆದು ತೂತು ಮುಚ್ಚಿತು. ಇಲಿಯ ಹಲ್ಲಿನಲ್ಲಿ. ನಿಮ್ಮ ದವಡೆ ಹಲ್ಲಿನ ತೂತಿನಲ್ಲಿ ಅಂಥ ಇಲಿಯ ಹಲ್ಲು ಎಷ್ಟು ಕೂರಬಹುದು ಅಂತ ಒಮ್ಮೆ ಯೋಚಿಸಿ.

ಎರಡನೆಯದು ಕತ್ಸು ತಕಾಹಾಶಿ ಅವರ ತಂಡದ್ದು. ಹಲ್ಲು ಹುಟ್ಟುವುದನ್ನು ತಡೆಯುವ ಯುಎಸ್‌ಎಜಿ-1 ಅನ್ನುವ ಪ್ರೋಟೀನನ್ನು ಕಟ್ಟಿಹಾಕುವ ಔಷಧ. 2024ರಲ್ಲಿ ಕ್ಯೋಟೋ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಮನುಷ್ಯರ ಮೇಲೆ ಪರೀಕ್ಷೆ ಶುರುವಾಯಿತು. ಕನಿಷ್ಠ ಒಂದು ಹಲ್ಲು ಇಲ್ಲದ 30ರಿಂದ 64 ವಯಸ್ಸಿನ ಗಂಡಸರಿಗೆ ಕೊಟ್ಟು ನೋಡುವುದು. ಅದೂ ಮೊದಲ ಹಂತ, ಔಷಧದಿಂದ ಅಪಾಯ ಇದೆಯಾ ಇಲ್ಲವಾ ಅಂತ ತಿಳಿಯಲು. ಅವರ ಮನಸ್ಸಿನಲ್ಲಿ ಮೊದಲಿಗೆ ಇರುವುದು ಹುಟ್ಟಿನಿಂದಲೇ ಹಲ್ಲುಗಳಿಲ್ಲದ ಮಕ್ಕಳು, ಸಿಹಿ ತಿಂದು ಹುಳುಕು ಮಾಡಿಕೊಂಡ ನಾವು ನೀವಲ್ಲ. ಕಾಯಬೇಡಿ, ಫಿಲ್ಲಿಂಗ್ ಹಾಕಿಸಿ.

ಪ್ರಶ್ನೆ: ನಾನು ಬ್ಯಾಂಕ್ ಉದ್ಯೋಗಿ, 26 ವರ್ಷ. ಕೆಳಗಿನ ದವಡೆ ಹಲ್ಲಿನಲ್ಲಿ ದೊಡ್ಡ ಹುಳುಕು. ಐಸ್‌ಕ್ರೀಂ ತಿಂದರೆ ಝುಂ ಅನ್ನುತ್ತದೆ, ಸ್ವಲ್ಪ ಹೊತ್ತು ಉಳಿಯುತ್ತದೆ. ಒಂದು ಕಡೆ ಸೀದಾ ರೂಟ್ ಕೆನಾಲ್ ಅಂದರು. ಇನ್ನೊಂದು ಕಡೆ "ಮೇಲಿನ ನರ ಮಾತ್ರ ತೆಗೆದು ಕೆಳಗಿನದು ಉಳಿಸುವಾ, ಪಲ್ಪಾಟಮಿ" ಅಂದರು. ಅದು ಮಕ್ಕಳಿಗೆ ಮಾಡುವುದಲ್ವಾ?
ಬಿಜೈಯ ಓದುಗರು

ಉತ್ತರ: ಹತ್ತು ಹದಿನೈದು ವರ್ಷದ ಹಿಂದೆ ಕೇಳಿದ್ದರೆ ನಾನೂ "ಮಕ್ಕಳಿಗೆ" ಅನ್ನುತ್ತಿದ್ದೆ. ತಿರುಳು ಒಮ್ಮೆ ತೆರೆದುಕೊಂಡರೆ ಮುಗಿಯಿತು ಅನ್ನುವುದು ನಮಗೆ ಕಲಿಸಿದ ಪಾಠ. ವಿಚಿತ್ರ ಅಂದರೆ ಅದು ತಪ್ಪು ಅಂತ 1965ರಲ್ಲೇ ಗೊತ್ತಾಗಿತ್ತು. ಅಮೆರಿಕದಲ್ಲಿ ಕಾಕೆಹಾಶಿ ಮತ್ತು ಜೊತೆಗಾರರು ಎರಡು ಗುಂಪು ಇಲಿಗಳ ಹಲ್ಲಿಗೆ ತಿರುಳಿನವರೆಗೆ ತೂತು ಕೊರೆದರು, ಮುಚ್ಚಲಿಲ್ಲ. ಮಾಮೂಲಿ ಇಲಿಗಳಲ್ಲಿ ತಿರುಳು ಕೊಳೆತು ಕೀವಾಯಿತು. ಒಂದೂ ಕೀಟಾಣು ಇಲ್ಲದ ಜಾಗದಲ್ಲಿ ಸಾಕಿದ ಇಲಿಗಳಲ್ಲಿ, ತೂತಿನಲ್ಲಿ ಆಹಾರ ಸಿಕ್ಕಿಕೊಂಡಿದ್ದರೂ, ತಿರುಳು ಬದುಕಿತು, ಅದೇ ಡೆಂಟಿನಿನ ಸೇತುವೆ ಕಟ್ಟಿಕೊಂಡಿತು. ಅಂದರೆ ತಿರುಳಿಗೆ ಶತ್ರು ತೂತಲ್ಲ, ಬ್ಯಾಕ್ಟೀರಿಯಾ. ಬ್ಯಾಕ್ಟೀರಿಯಾ ಒಳಗೆ ಹೋಗದ ಹಾಗೆ ಬಿಗಿಯಾಗಿ ಮುಚ್ಚುವ ವಸ್ತು ನಮ್ಮ ಕೈಗೆ ಬಂದದ್ದು ಎಂಟಿಎ, ಬಯೋಡೆಂಟಿನ್ ಬಂದ ಮೇಲೆ, ಹಾಗಾಗಿ ಪಾಠ ಬದಲಾಗಲು ಅಷ್ಟು ವರ್ಷ ಹಿಡಿಯಿತು.

ಈಗ ದೊಡ್ಡವರಲ್ಲೂ ಮಾಡುತ್ತೇವೆ. ತೀರ್ಮಾನ ಆಗುವುದು ಹಲ್ಲು ತೆರೆದ ಮೇಲೆ. ಹುಳುಕೆಲ್ಲ ತೆಗೆದು, ಮೇಲಿನ ತಿರುಳು ಕತ್ತರಿಸಿ, ಹೈಪೋಕ್ಲೋರೈಟ್‌ನಲ್ಲಿ ಅದ್ದಿದ ಹತ್ತಿ ಒತ್ತಿ ಹಿಡಿಯುತ್ತೇವೆ. ಐದು ಹತ್ತು ನಿಮಿಷದಲ್ಲಿ ರಕ್ತ ನಿಂತರೆ ಕೆಳಗಿನ ತಿರುಳು ಆರೋಗ್ಯವಾಗಿದೆ ಅಂತ ಲೆಕ್ಕ. ಹತ್ತಿ ತೆಗೆದ ಕೂಡಲೇ ಮತ್ತೆ ಮತ್ತೆ ಉಕ್ಕಿದರೆ ಅಥವಾ ಒಳಗೆ ರಕ್ತವೇ ಇಲ್ಲದೆ ಒಣಗಿದ್ದರೆ ರೂಟ್ ಕೆನಾಲೇ ಸರಿ. ಅದಕ್ಕೇ ನಿಮ್ಮ ಎರಡನೇ ಡಾಕ್ಟರು ಮೊದಲೇ "ಗ್ಯಾರಂಟಿ" ಅಂದಿದ್ದರೆ ಸ್ವಲ್ಪ ಹುಷಾರು, "ತೆರೆದು ನೋಡುವಾ" ಅಂದಿದ್ದರೆ ಅವರ ಹತ್ತಿರವೇ ಹೋಗಿ. ರಾತ್ರಿ ತಾನಾಗಿ ನೋವು ಬಂದು ಎಬ್ಬಿಸುತ್ತದಾ ಅನ್ನುವುದನ್ನು ನೀವು ಬರೆದಿಲ್ಲ. ಅದನ್ನು ಅವರಿಗೆ ತಪ್ಪದೆ ಹೇಳಿ.

ಪ್ರಶ್ನೆ: ಪರಿಚಯದವರೊಬ್ಬರು ಮಗಳ ಹಾಲುಹಲ್ಲು ಬೀಳುವಾಗ ಬಿಸಾಡಬೇಡಿ, ಸ್ಟೆಮ್ ಸೆಲ್ ಬ್ಯಾಂಕಿನಲ್ಲಿ ಇಡಿಸಿ, ಮುಂದೆ ಡಯಾಬಿಟಿಸ್‌ನಿಂದ ಹಿಡಿದು ಹಾರ್ಟಿನವರೆಗೆ ಎಲ್ಲದಕ್ಕೂ ಉಪಯೋಗ ಅಂತ ಬ್ರೋಷರ್ ಕೊಟ್ಟಿದ್ದಾರೆ. ಕಂತಿನಲ್ಲೂ ಕಟ್ಟಬಹುದಂತೆ. ನಮ್ಮ ಅಜ್ಜಿ ಹಲ್ಲನ್ನು ಮಾಡಿಗೆ ಎಸೆಯಿರಿ ಅಂತಾರೆ. ಯಾರ ಮಾತು ಕೇಳಲಿ?
ಸುರತ್ಕಲ್‌ನ ಓದುಗರು

ಉತ್ತರ: ಸದ್ಯಕ್ಕೆ ಅಜ್ಜಿಯ ಮಾತು ಕೇಳಿ, ಖರ್ಚಿಲ್ಲ.

ತಮಾಷೆ ಬದಿಗಿಟ್ಟು ಹೇಳುವುದಾದರೆ, ಹಾಲುಹಲ್ಲಿನ ತಿರುಳಿನಲ್ಲಿ ಮೂಲಕೋಶ ಇರುವುದು ನಿಜ. 2003ರಲ್ಲೇ ಅದನ್ನು ಕಂಡುಹಿಡಿದಿದ್ದಾರೆ. ಚೀನಾದಲ್ಲಿ ಒಂದು ಒಳ್ಳೆಯ ಪ್ರಯೋಗವೂ ಆಗಿದೆ, 2018ರಲ್ಲಿ ಪ್ರಕಟವಾಯಿತು. ಪೆಟ್ಟು ಬಿದ್ದು ತಿರುಳು ಸತ್ತ 40 ಮಕ್ಕಳನ್ನು ಆರಿಸಿ, 30 ಮಕ್ಕಳಿಗೆ ಅವರದೇ ಹಾಲುಹಲ್ಲಿನ ಕೋಶಗಳನ್ನು ಲ್ಯಾಬಿನಲ್ಲಿ ಬೆಳೆಸಿ ಪೆಟ್ಟಾದ ಹಲ್ಲಿಗೆ ಇಟ್ಟರು, 10 ಮಕ್ಕಳಿಗೆ ಹಳೆಯ ಪದ್ಧತಿ. ಕೋಶ ಇಟ್ಟ ಹಲ್ಲುಗಳಲ್ಲಿ ಬೇರು ಬೆಳೆಯಿತು, ರಕ್ತ ಓಡಿತು, ಸ್ಪರ್ಶವೂ ಬಂತು. ಕಿನ್ನಿಗೋಳಿಯ ತಾಯಿಗೆ ಬರೆದೆನಲ್ಲ, ಅಸಲಿ ತಿರುಳು ಸಿಗುವುದಿಲ್ಲ ಅಂತ, ಆ ಕೊರತೆ ನೀಗುವ ದಾರಿ ಬಹುಶಃ ಇದೇ. ಆದರೆ ಅಲ್ಲಿ ಕೋಶ ತೆಗೆದದ್ದು, ಬೆಳೆಸಿದ್ದು, ಇಟ್ಟದ್ದು ಎಲ್ಲ ಪರೀಕ್ಷೆಯ ಒಳಗೆ, ಬ್ಯಾಂಕಿನ ಫ್ರೀಜರಿನಿಂದ ಇಪ್ಪತ್ತು ವರ್ಷದ ಮೇಲೆ ತೆಗೆದದ್ದಲ್ಲ.

ನಮ್ಮ ದೇಶದ ಕಾನೂನಿನ ಮಾತು ಇನ್ನೂ ಸರಳ. ಐಸಿಎಂಆರ್, ಅಂದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, 2017ರಲ್ಲಿ ಕೊಟ್ಟ ರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ ಒಪ್ಪಿಗೆ ಇರುವುದು ಹೊಕ್ಕುಳಬಳ್ಳಿಯ ರಕ್ತದ ಬ್ಯಾಂಕಿಗೆ ಮಾತ್ರ. ಹಲ್ಲು, ಕೊಬ್ಬು, ಬೇರೆ ಅಂಗಾಂಶಗಳನ್ನು ದುಡ್ಡು ತೆಗೆದುಕೊಂಡು ಇಟ್ಟುಕೊಳ್ಳಲು ಒಪ್ಪಿಗೆ ಕೊಟ್ಟಿಲ್ಲ. ಬ್ರೋಷರ್ ತಂದವರಿಗೆ ಇದೊಂದೇ ವಾಕ್ಯ ಓದಿ ಹೇಳಿ, ಮುಖ ನೋಡಿ. ಇನ್ನೊಂದು ವಿಷಯ: ಗಡಗಡ ಅಲುಗಾಡಿ ತಾನಾಗಿ ಉದುರಿದ ಹಾಲುಹಲ್ಲಿನ ಬೇರು ಕರಗಿಹೋಗಿರುತ್ತದೆ, ಒಳಗೆ ತಿರುಳು ಉಳಿದಿದ್ದರೂ ಚೂರೇ ಚೂರು. ಮಗು ಅದನ್ನು ಬೆಳಿಗ್ಗೆ ಬನ್ಸ್ ಜೊತೆ ನುಂಗುವುದೂ ಉಂಟು.

ಪ್ರಶ್ನೆ: ನಾನು ಪಿಟಿ ಮಾಸ್ತರು. ಕಬಡ್ಡಿ ಆಡುವಾಗ 8ನೇ ಕ್ಲಾಸಿನ ಹುಡುಗನ ಹಲ್ಲು ಬುಡ ಸಮೇತ ಹಾರಿ ಬಿತ್ತು. ಮಣ್ಣು ಹೋಗಲಿ ಅಂತ ಸೋಪು ಹಾಕಿ ಚೆನ್ನಾಗಿ ತಿಕ್ಕಿ, ಕಾಗದದಲ್ಲಿ ಕಟ್ಟಿ ಆಸ್ಪತ್ರೆಗೆ ಕಳಿಸಿದೆ. ಡಾಕ್ಟರು ನನಗೆ ಬೈದರಂತೆ. ತಪ್ಪೇನು? ಎಳನೀರಿನಲ್ಲಿ ಹಾಕಬೇಕಿತ್ತಾ?
ಕುಂದಾಪುರದ ಓದುಗರು

ಉತ್ತರ: ಬೈಯಬಾರದಿತ್ತು ಮಾಸ್ಟ್ರೇ, ನಿಮಗೆ ಯಾರೂ ಹೇಳಿಕೊಟ್ಟಿಲ್ಲ. ಬೇರಿನ ಮೇಲೆ ಕಣ್ಣಿಗೆ ಕಾಣದ ತೆಳು ಪದರ ಇರುತ್ತದೆ, ಹಲ್ಲನ್ನು ಎಲುಬಿಗೆ ಮತ್ತೆ ಬೆಸೆಯುವುದು ಅದೇ. ತಿಕ್ಕಿದಾಗ ಅದು ಹೋಯಿತು, ಕಾಗದದಲ್ಲಿ ಉಳಿದದ್ದು ಒಣಗಿತು.

ಮುಂದಿನ ಸಲ ಹೀಗೆ ಮಾಡಿ. ಹಲ್ಲನ್ನು ಬೆಳ್ಳಗಿನ ಭಾಗದಲ್ಲಿ ಹಿಡಿಯಿರಿ, ಬೇರು ಮುಟ್ಟಬೇಡಿ. ಮಣ್ಣಾಗಿದ್ದರೆ ಹಾಲಿನಲ್ಲಿ ಅಥವಾ ಸಲೈನಿನಲ್ಲಿ ಒಮ್ಮೆ ಅದ್ದಿ ತೆಗೆಯಿರಿ, ಎರಡೂ ಇಲ್ಲದಿದ್ದರೆ ನಲ್ಲಿ ನೀರು ಕೆಲವು ಸೆಕೆಂಡು ಬಿಟ್ಟರೆ ಸಾಕು. ಹುಡುಗ ಎಚ್ಚರವಿದ್ದು ಮಾತಾಡುತ್ತಿದ್ದರೆ ಅದೇ ಗೂಡಿಗೆ ಅಲ್ಲೇ ತೂರಿಸಿ, ಕರ್ಚೀಫು ಕಚ್ಚಿಕೊಳ್ಳಲು ಹೇಳಿ, ಕರೆದುಕೊಂಡು ಬನ್ನಿ. ಧೈರ್ಯ ಬರದಿದ್ದರೆ ಹಾಲಿನಲ್ಲಿ ಹಾಕಿ. ಎಳನೀರಿನ ಬಗ್ಗೆ ನಮ್ಮ ದೇಶದಲ್ಲೇ ಪರೀಕ್ಷೆಗಳು ಆಗಿವೆ, ಕೋಶಗಳು ಅದರಲ್ಲಿ ಬದುಕಿದ್ದನ್ನು ನೋಡಿದ್ದಾರೆ. ಆದರೆ ಅದು ಸ್ವಲ್ಪ ಹುಳಿ ಗುಣದ್ದು, ಬೊಂಡ ಕೆತ್ತುವವರನ್ನು ಹುಡುಕುವುದರಲ್ಲಿ ಹತ್ತು ನಿಮಿಷ ಹೋಗುತ್ತದೆ. ಎದುರಿನ ಗೂಡಂಗಡಿಯಲ್ಲಿ ನಂದಿನಿ ಪ್ಯಾಕೆಟ್ ಇದ್ದೇ ಇರುತ್ತದೆ. ಬರೀ ನೀರಿನಲ್ಲಿ ಮುಳುಗಿಸಿ ಇಡಬೇಡಿ. ಅರ್ಧ ಗಂಟೆಯೊಳಗೆ ತಲುಪಿದರೆ ಚೆನ್ನ, ಒಂದು ಗಂಟೆ ದಾಟಿದರೆ ಕಷ್ಟ, ಆದರೂ ಬನ್ನಿ. ಸಣ್ಣ ಕ್ಲಾಸಿನ ಮಕ್ಕಳದ್ದು ಹಾಲುಹಲ್ಲಾಗಿದ್ದರೆ ಮಾತ್ರ ವಾಪಸ್ ತೂರಿಸಬೇಡಿ, ಅಡಿಯಲ್ಲಿ ಬೆಳೆಯುತ್ತಿರುವ ಹೊಸ ಹಲ್ಲಿಗೆ ಪೆಟ್ಟಾಗುತ್ತದೆ.

ಎರಡನೇ ಮೂರನೇ ಕ್ಲಾಸಿನ ಮಕ್ಕಳ ಹೊಸ ಎದುರು ಹಲ್ಲು ಹೀಗೆ ಹಾರಿದರೆ ಇನ್ನೂ ಗಡಿಬಿಡಿ ಮಾಡಿ. ಅವರ ಬೇರಿನ ಬಾಯಿ ಅಗಲ ಇರುವುದರಿಂದ ಬೇಗ ಕೂರಿಸಿದರೆ ರಕ್ತನಾಳ ತಾನಾಗಿಯೇ ಒಳಗೆ ಬೆಳೆದು ತಿರುಳು ಬದುಕುವುದುಂಟು. ಆಗ ನಾನು ಫೈಲನ್ನೂ ಮುಟ್ಟುವುದಿಲ್ಲ, ಪಕ್ಕದ ಹಲ್ಲಿಗೆ ಸಣ್ಣ ತಂತಿ ಕಟ್ಟಿ, ಎರಡು ವಾರ ಬಿಟ್ಟು ಬನ್ನಿ ಅಂತ ಕಳಿಸುತ್ತೇನೆ.